ಪ್ರತಿ: ಮೂಡಿಗೆರೆ ಬೆಳೆಗಾರರು ಟೆಸ್ಟ್ ಲಿಂಕ್ ಒತ್ತಿ ಅರ್ಧಕ್ಕೇ ಬಿಡ್ತಿದ್ದಾರೆ, ಯಾಕೆ?
ನಿಮ್ಮ ಕಾಫಿ ಲೆಕ್ಕದ ಆ್ಯಪ್ ಬಳಸಲು ಸುಲಭವೇ ಅಂತ ನೋಡುವ ಆನ್‌ಲೈನ್ ಟೆಸ್ಟನ್ನು 12 ಬೆಳೆಗಾರರಲ್ಲಿ 9 ಜನ ಮೊದಲ ಟಾಸ್ಕ್‌ಗೂ (ಮಾಡಿ ನೋಡಲು ಕೊಡುವ ಕೆಲಸ) ಮುಂಚೆ ಬಿಟ್ಟಿದ್ದಾರೆ ಅಂದರೆ, ತೊಂದರೆ ಬಹುಶಃ ಆ್ಯಪ್‌ನದ್ದಲ್ಲ, ಸ್ಕ್ರೀನ್ ರೆಕಾರ್ಡಿಂಗ್‌ಗೆ ಕೇಳುವ ಅನುಮತಿಯದ್ದು. ಫೋನಿನ ಬ್ರೌಸರ್‌ನಿಂದ ಸ್ಕ್ರೀನ್ ರೆಕಾರ್ಡ್ ಮಾಡಲು ಆಗುವುದಿಲ್ಲ. ಅದಕ್ಕೇ ಇಂಥ ಟೆಸ್ಟ್ ನಡೆಸುವ ವೇದಿಕೆಗಳು ಸಾಮಾನ್ಯವಾಗಿ ತಮ್ಮದೊಂದು ಆ್ಯಪ್ ಹಾಕಿಸುತ್ತವೆ. ಅದರಲ್ಲಿ ರೆಕಾರ್ಡಿಂಗ್ ಶುರುವಾಗುವ ಮುಂಚೆ ಆಂಡ್ರಾಯ್ಡ್ ಎಚ್ಚರಿಸುತ್ತದೆ: ಪರದೆ ಮೇಲಿನ ಪಾಸ್‌ವರ್ಡ್, ಪಾವತಿ ವಿವರ ಎಲ್ಲವೂ ಕಾಣಬಹುದು ಅಂತ. ಅದೇ ಫೋನಲ್ಲಿ ಫೋನ್‌ಪೇ ಇರುವವರು ಅಲ್ಲೇ ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ ಅಲ್ವಾ?

ಮೊದಲು ರಿಪೋರ್ಟ್‌ನಲ್ಲಿ ಯಾವ ಪರದೆಯಲ್ಲಿ ಬಿಟ್ಟಿದ್ದಾರೆ ನೋಡಿ. ಅನುಮತಿ ಪರದೆಯಾದರೆ ರೆಕಾರ್ಡಿಂಗ್ ಆಫ್ ಮಾಡಿ, ಪ್ರೊಟೊಟೈಪ್ (ಆ್ಯಪ್‌ನ ಮಾದರಿ ಪರದೆಗಳು) ಮೇಲೆ ಒತ್ತುವ ಟೆಸ್ಟ್ ಮಾತ್ರ ಇಡಿ. ಅದು ಬ್ರೌಸರ್‌ನಲ್ಲೇ ನಡೆಯುತ್ತದೆ.

ಆಮೇಲೆ ಟಾಸ್ಕ್ ಬದಲಿಸಿ. ‘ಹೊಸ ಎಂಟ್ರಿ ಸೇರಿಸಿ’ ಬೇಡ. ‘ಇವತ್ತು 3 ಮೂಟೆ ಚೆರಿ ಮಾರಿದ್ದೀರಿ, ಬರೆದಿಡಿ’ ಅಂತ ಹಾಕಿ. ಬಟನ್ ಮೇಲಿರುವ ಪದವನ್ನೇ ಟಾಸ್ಕ್‌ನಲ್ಲಿ ಬಳಸಿದರೆ ಉತ್ತರ ಹೇಳಿಕೊಟ್ಟಂತೆ.

ಒಬ್ಬರಿಗೆ ಮಾತ್ರ ಕಳಿಸಿ ನೋಡಿ, ಸರಿಹೋದರೆ ಉಳಿದವರಿಗೆ.

ಅವರು ಎಲ್ಲಿ ತಡವರಿಸುತ್ತಾರೆ ಅಂತ ನೋಡಲೇಬೇಕಾದರೆ 5 ಜನ ಸಾಕು. ಸಕಲೇಶಪುರದ ಬೆಳೆಗಾರರ ಜೊತೆ ನಾನು ಮಾಡಿದ್ದು ಹೀಗೆ: ಮನೆಯ ಮಗನೋ ಮಗಳೋ ಇನ್ನೊಂದು ಫೋನಿನಿಂದ ವಾಟ್ಸಾಪ್ ವಿಡಿಯೊ ಕಾಲ್ ಮಾಡಿ, ಬೆರಳು ಕಾಣುವ ಹಾಗೆ ಹಿಡಿದುಕೊಂಡರು. ಸುಮ್ನೆ ಹಿಡಿಯಬೇಕು, ಹೇಳಿಕೊಡಬಾರದು ಅಂತ ಮೊದಲೇ ಹೇಳಿ. ಒಬ್ಬರ ಬೆರಳು ‘ಸೇವ್’ ಮೇಲೆ ಬಹಳ ಹೊತ್ತು ನಿಂತೇ ಇತ್ತು. ‘ಉಳಿಸಿ’ ಅಂತ ಬದಲಿಸಿದೆವು, ಮುಂದಿನವರು ತಡವರಿಸಲಿಲ್ಲ.

ಕೊಯ್ಲಿನ ಸಮಯದಲ್ಲಿ ತೂಕ ಮುಗಿಯುವ ಮುಂಚೆ ಕಾಲ್ ಮಾಡಬೇಡಿ, ರಾತ್ರಿ ಊಟದ ನಂತರ ಕೇಳಿ.