ತೆಂಗು ಮತ್ತು ಬೇವಿನ ಮರದ ನಡುವೆ ಹ್ಯಾಮ್ ರೇಡಿಯೋಗೆ ಡೈಪೋಲ್ ಕಟ್ಟಲೋ, ಎಂಡ್ ಫೆಡ್ ಕಟ್ಟಲೋ?

ಧಾರವಾಡದಲ್ಲಿ ನಾನೂ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಳೆದೆ. ಎರಡೂ ಹವ್ಯಾಸಿ ರೇಡಿಯೋದ ತಂತಿ ಆಂಟೆನಾಗಳೇ: ಡೈಪೋಲ್‌ಗೆ ಕೇಬಲ್ ನಡುವೆ ಸೇರುತ್ತದೆ, ಎಂಡ್ ಫೆಡ್‌ಗೆ ಒಂದು ತುದಿಯಲ್ಲಿ. ಹಿತ್ತಲಲ್ಲಿ ಒಂದು ಆಪೂಸ್ ಮಾವು, ಇಪ್ಪತ್ತೈದು ಮೀಟರ್ ಆಚೆ ಒಂದು ತೆಂಗು. ಕೊನೆಗೆ 40 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದ ಸುಮಾರು 40 ಮೀಟರ್ ಇರುವ ರೇಡಿಯೋ ಪಟ್ಟಿ) ಡೈಪೋಲ್ ಎಂದು ನಿರ್ಧರಿಸಿದೆ. ಡೈಪೋಲ್ ಉದ್ದದ ಸೂತ್ರದಂತೆ 143ನ್ನು ಆ ಬ್ಯಾಂಡಿನ 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುಮಾರು 20 ಮೀಟರ್ ತಂತಿ. ನಡುವೆ ಕತ್ತರಿಸಿ, ರೇಡಿಯೋ ಸೆಟ್ಟಿಗೆ ಹೋಗುವ ಆರ್‌ಜಿ 58 ಕೇಬಲ್ ಬೆಸುಗೆ ಹಾಕಿದೆ.

ಕಟ್ಟಿದ್ದು ಜನವರಿಯ ಒಂದು ಬೆಳಿಗ್ಗೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೇಬಲ್ ಭಾರಕ್ಕೆ ತಂತಿಯ ನಡು ಜೋತು ಬಿದ್ದದ್ದು ನನಗೆ ಸರಿ ಕಾಣಲಿಲ್ಲ. ಕಾಯಿ ಕೆಡವಲು ಬಂದವನನ್ನು ತೆಂಗಿನ ಮೇಲೆ ನಿಲ್ಲಿಸಿ, ತಂಬೂರಿ ತಂತಿಯ ಹಾಗೆ ಎಳೆಸಿದೆ. ಪಕ್ಕದ ಮನೆಯ ಕಾಕಾ ಗೋಡೆ ಆಚೆಯಿಂದ ನೋಡಿ, "ಅರವಿ ಒಣಹಾಕೋ ತಂತಿನೂ ಇಷ್ಟು ಬಿಗದ ಕಟ್ಟೂದಿಲ್ಲೋ ತಮ್ಮಾ" ಅಂದರು. ನಾನು ಕೇಳಲಿಲ್ಲ.

ನನ್ನ ತಪ್ಪು ಇದೊಂದೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ತಂತಿಯ ಜೋಲನ್ನು ಅರ್ಧಕ್ಕೆ ಇಳಿಸಿದರೆ ಅದರ ಮೇಲಿನ ಎಳೆತ ಇಮ್ಮಡಿಯಾಗುತ್ತದೆ, ಕಾಲು ಭಾಗಕ್ಕೆ ಇಳಿಸಿದರೆ ನಾಲ್ಕು ಪಟ್ಟು. ಗಾಳಿಯಿಲ್ಲದ ದಿನವೇ ತಂತಿಯ ತಾಕತ್ತನ್ನೆಲ್ಲ ನಾನು ಖರ್ಚು ಮಾಡಿಬಿಟ್ಟಿದ್ದೆ. ಮರ ಕಂಬವಲ್ಲ. ಮಾವು ಒಂದು ಕಡೆ ವಾಲಿದಾಗ ತೆಂಗು ಇನ್ನೊಂದು ಕಡೆ ವಾಲುತ್ತದೆ, ಎರಡರ ನಡುವಿನ ಅಂತರ ಕ್ಷಣಕ್ಕೊಂದು. ಆ ಹೆಚ್ಚಿನ ಒಂದು ಮೊಳ ಉದ್ದವನ್ನು ಬಿಗಿದ ತಂತಿ ಎಲ್ಲಿಂದ ತರಬೇಕು?

ರೋಹಿಣಿ ಮಳೆಯ ಗಾಳಿಗೆ ತಂತಿ ಬೆಸುಗೆಯ ಹತ್ತಿರ ಹರಿಯಿತು. ಕತ್ತಲಾಗಿತ್ತು, ಹೊರಗೆ ಹೋಗಿ ನೋಡಲಿಲ್ಲ. ಮಳೆ ನಿಂತ ಮೇಲೆ ಕೇಬಲ್ ಸಿಕ್ಕಿಸಿ ಮೈಕ್ ಒತ್ತಿದೆ. ಡೈಪೋಲಿನ ಒಂದು ತೋಳು, ಅಂದರೆ ಅರ್ಧ ತಂತಿ, ಒದ್ದೆ ನೆಲದ ಮೇಲೆ ಬಿದ್ದಿತ್ತು. ನಾನೇ ಜೋಡಿಸಿದ ಸೆಟ್ಟು, ಎಸ್‌ಡಬ್ಲ್ಯೂಆರ್ (ಆಂಟೆನಾ ಹೊಂದದೆ ಶಕ್ತಿ ಸೆಟ್ಟಿಗೇ ಮರಳುವುದನ್ನು ತೋರಿಸುವ ಅಳತೆ) ಏರಿದರೆ ತಡೆಯುವ ವ್ಯವಸ್ಥೆ ಅದಕ್ಕಿರಲಿಲ್ಲ. ಸಿಗ್ನಲ್ಲನ್ನು ಆಂಟೆನಾಗೆ ಕಳಿಸುವ ಫೈನಲ್ ಟ್ರಾನ್ಸಿಸ್ಟರ್ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ. ಆ ಮಳೆಗಾಲವೆಲ್ಲ ಸೆಟ್ಟು ಮೂಕವಾಗಿತ್ತು.

ಹೀಗಾಗಿ ಡೈಪೋಲೋ ಎಂಡ್ ಫೆಡ್ಡೋ ಎಂಬ ಪ್ರಶ್ನೆಯನ್ನು ಮೊದಲು ಬದಿಗಿಡಿ. ಎಂಡ್ ಫೆಡ್‌ಗೆ ತಂತಿಯ ತುದಿಯನ್ನು ಕೇಬಲ್‌ಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಬೇಕು, ಕೇಬಲ್ ನಡುವೆ ನೇತಾಡುವುದಿಲ್ಲ, ಅಷ್ಟೇ. ಬಿಗಿದು ಕಟ್ಟಿದರೆ ಎರಡೂ ಹರಿಯುತ್ತವೆ. ಒಂದು ತುದಿಯನ್ನು ಬೇವಿಗೆ ಕಟ್ಟಿ. ತೆಂಗಿಗೆ ಬಾವಿಯ ಗಡಗಡಿಯಂಥದ್ದೇ ಚಿಕ್ಕದೊಂದನ್ನು ಕಟ್ಟಿ, ಅದರ ಮೇಲೆ ಹಗ್ಗ ಹಾಯಿಸಿ, ಕೆಳಗೆ ಮೂರು-ನಾಲ್ಕು ಕಿಲೋ ಮರಳು ತುಂಬಿದ ಎಣ್ಣೆ ಕ್ಯಾನ್ ತೂಗುಬಿಡಿ. ತಂತಿಯ ತುದಿ ಎಲೆಗಳಿಗೆ ತಾಗಬಾರದು, ಅಲ್ಲಿ ವೋಲ್ಟೇಜ್ ಹೆಚ್ಚು. ಒಂದೆರಡು ಮೀಟರ್ ಹಗ್ಗವೇ ಇರಲಿ. ಹರಿದು ಬಿದ್ದರೂ ಕರೆಂಟ್ ತಂತಿಯ ಮೇಲೆ ಬೀಳದ ಕಡೆ ಮಾತ್ರ ಕಟ್ಟಬೇಕು, ಇದರಲ್ಲಿ ರಾಜಿ ಬೇಡ. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟಬೇಡಿ, ಮೋಡ ಕಟ್ಟುವ ಮೊದಲೇ ಕಳಚಿಡಿ.

ಗಡಗಡಿಯ ಗೋಜು ಬೇಡವೆಂದರೆ ಬೇವು ಒಂದನ್ನೇ ನಂಬಿ. ಡೈಪೋಲ್ ನಡುವನ್ನು ಒಂಬತ್ತು-ಹತ್ತು ಮೀಟರ್ ಎತ್ತರಕ್ಕೇರಿಸಿ, ಎರಡೂ ತೋಳುಗಳನ್ನು ಇಳಿಜಾರಾಗಿ ಬಿಡಿ. ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗದಿರಲಿ. 40 ಮೀಟರ್‌ನಲ್ಲಿ ಹಗಲು ಬೆಂಗಳೂರು, ಪುಣೆ ಜೊತೆ ಮಾತಾಡಲು ಇಷ್ಟು ಧಾರಾಳ ಸಾಕು.

ನಮ್ಮ ತೆಂಗಿನ ಬೊಡ್ಡೆಯ ಮೇಲೆ ಈಗ ಕ್ಯಾನ್ ಏರಿಳಿದು ಉಜ್ಜಿದ ಗೆರೆ ಮೂಡಿದೆ. ಮೊನ್ನೆ ಅಳೆದೆ, ಒಂದು ಮೊಳಕ್ಕೆ ನಾಲ್ಕು ಬೆರಳು ಹೆಚ್ಚು.