ಬಿಸಿ ಮುದ್ದೆ ಯಾರ ತಟ್ಟೆಗೆ?

ಇನ್ಮೇಲೆ ಮನೆ ಊಟಾನೇ, ನಮ್ಮ ಕಡೆ ಬೆಳೆದದ್ದೇ ಅಂತ ತೀರ್ಮಾನ ಮಾಡಿದ ಮನೆಗಳಿಂದಲೇ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಜಗಳ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆಮೇಲಂತೂ ಇದನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಿವರಗಳನ್ನು ಬದಲಿಸಿದ್ದೇನೆ.

ಬೆಂಗಳೂರಿನಲ್ಲಿರುವ ದಂಪತಿ, ಇಬ್ಬರಿಗೂ ಕೆಲಸ. ಒಂದು ಮಗು, ಜೊತೆಗೆ ಅತ್ತೆ. ಮೂಲ ತುಮಕೂರು ಕಡೆ. ಗಂಡನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಗೆ ಬಂದಿದೆ ಅಂತ ಗೊತ್ತಾದ ಮೇಲೆ ಹೊರಗಿನ ತಿಂಡಿ, ಮೊಬೈಲಿನಲ್ಲಿ ತರಿಸುವ ಊಟ ಎಲ್ಲ ಬಂದ್ ಆಯಿತು. ಊರಿಂದ ರಾಗಿ ಬಂತು, ವಾರಕ್ಕೆರಡು ಸಲ ಚೀಲ ತುಂಬ ಸೊಪ್ಪು ಬಂತು. ಕೆಲವೇ ತಿಂಗಳಲ್ಲಿ ಹೆಂಡತಿಗೆ ನಿದ್ದೆ ಕೆಟ್ಟು, ಮಗುವಿನ ಮೇಲೆ ರೇಗುವುದು ಶುರುವಾಯಿತು. ನನ್ನ ಹತ್ತಿರ ಬಂದಿದ್ದು ಅದಕ್ಕೇ. ಅಡುಗೆಯ ಮಾತನ್ನು ಆಕೆ ಎತ್ತಲೇ ಇಲ್ಲ.

ಗಂಡನೂ ಬಂದ ದಿನ ವಿಷಯ ಹೊರಗೆ ಬಂತು. ಆತ ಒಳ್ಳೆಯ ಮನುಷ್ಯ, ಮನೆ ಊಟದ ಬಗ್ಗೆ ನಿಜವಾದ ಪ್ರೀತಿ. "ನಿನ್ನೆ ರಾತ್ರಿ ಏನಡುಗೆ?" ಅಂದೆ. "ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ಮುದ್ದೆ" ಅಂದರು, ಮುಖ ಅರಳಿತು. ಹಾಗಾದರೆ ಅದು ತಯಾರಾದ ಬಗೆಯನ್ನು ಮೊದಲಿಂದ ಹೇಳಿ ಅಂದೆ. "ಸೊಪ್ಪು ನಾನೇ ತಂದೆ..." ಅಂತ ಶುರು ಮಾಡಿದವರು ಅಲ್ಲೇ ನಿಂತರು.

ಮುಂದಿನದನ್ನು ಹೆಂಡತಿ ಹೇಳಿದರು. ಕಾಳು ಹಿಂದಿನ ರಾತ್ರಿಯೇ ನೆನೆಹಾಕಿದ್ದು. ಆಫೀಸಿನಿಂದ ಬಂದು ಸೊಪ್ಪಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹುಳ ತಿಂದ ಎಲೆ ಆರಿಸಿ, ದಂಟಿನ ನಾರು ತೆಗೆದಿದ್ದು. ಮಣ್ಣು ಹೋಗುವ ತನಕ ನೀರು ಬದಲಿಸಿದ್ದು. ಬೇಯಿಸಿ, ಬಸಿದು, ಕಾಯಿ ಬೆಳ್ಳುಳ್ಳಿ ರುಬ್ಬಿ ಸಾರಿಗೆ ಇಟ್ಟು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟಿದ್ದು. ಮಗು ಮುದ್ದೆ ಒಲ್ಲೆ ಅಂದಿದ್ದಕ್ಕೆ ದೋಸೆ, ಅತ್ತೆಗೆ ಮೆತ್ತಗೆ ಅನ್ನ. ಕೊನೆಗೆ ಎಸರು ಕಾಯಿಸಿ, ಹಿಟ್ಟು ಹಾಕಿ, ಬೆಂದ ಮೇಲೆ ಕೋಲಿನಲ್ಲಿ ತಿರುವಿ ಮುದ್ದೆ ಕಟ್ಟಿದ್ದು. ತಳ ಹಿಡಿದ ಪಾತ್ರೆ ಬೇರೆ.

ಆಮೇಲೆ ಅಂದರು: "ನನಗೆ ರಾಗಿ ಮೇಲೆ ಸಿಟ್ಟಿಲ್ಲ ಮೇಡಂ. ನಾನೂ ಮುದ್ದೆ ತಿಂದು ಬೆಳೆದವಳೇ. ಆದರೆ ಬಿಸಿ ಮುದ್ದೆ ತಿಂದು ಎಷ್ಟು ದಿನ ಆಯ್ತೋ ನೆನಪಿಲ್ಲ. ನನ್ನ ಸರದಿ ಬರೋ ಹೊತ್ತಿಗೆ ಅದು ಕಲ್ಲಾಗಿರುತ್ತೆ."

ಮುದ್ದೆ ತಿನ್ನುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಗಂಡ ಬಹಳ ಹೊತ್ತು ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇದು. ಸೊಪ್ಪು ತಂದವರೇ ಬಿಡಿಸಿ ತೊಳೆಯಬೇಕು. ವಾರದ ದಿನಗಳಲ್ಲಿ ಒಂದೇ ಅಡುಗೆ, ಎಲ್ಲರಿಗೂ ಅದೇ. ಬಸ್ಸಾರು ಮಾಡಿದ ದಿನ ಬೇರೆ ಪಲ್ಯ ಬೇಡವೇ ಬೇಡ, ಅದರಲ್ಲೇ ಸಾರೂ ಇದೆ, ಪಲ್ಯವೂ ಇದೆ. ಮಗುವಿಗೂ ಅದೇ ಸಾರು, ಅತ್ತೆಗೆ ಮಾಡಿದ ಅನ್ನದಲ್ಲೇ ಒಂದು ಪಾಲು. ಮುದ್ದೆ ತಿರುವುವುದು ಗಂಡನ ಕೆಲಸ, ಮತ್ತು ಆ ಹೊತ್ತಿಗೆ ಹೆಂಡತಿ ತಟ್ಟೆ ಮುಂದೆ ಕೂತಿರಬೇಕು. ವಾರಕ್ಕೊಂದು ರಾತ್ರಿ ಹೊರಗಿನ ಊಟ, ಯಾರೂ ಅದಕ್ಕೆ ಮುಖ ಸಿಂಡರಿಸಬಾರದು. ಎಷ್ಟು ಮುದ್ದೆ ತಿನ್ನಬೇಕು ಅನ್ನುವುದನ್ನು ಮಾತ್ರ ವೈದ್ಯರನ್ನು ಕೇಳಿ ಅಂದೆ. ರಾಗಿಯಲ್ಲೂ ಪಿಷ್ಟವೇ ಜಾಸ್ತಿ, ದೊಡ್ಡ ದೊಡ್ಡ ಎರಡು ಮುದ್ದೆ ಇಳಿಸಿದರೆ ಸಕ್ಕರೆ ಏರದೆ ಇರುವುದಿಲ್ಲ.

ಅತ್ತೆಯನ್ನೂ ಒಮ್ಮೆ ಕರೆಸಿದೆ. "ಅಲ್ಲಮ್ಮ, ಗಂಡಸು ಒಲೆ ಮುಂದೆ ನಿಂತರೆ ಚೆನ್ನಾಗಿರುತ್ತಾ?" ಅಂದರು. ಜಾತ್ರೆಯಲ್ಲಿ, ಬೀಗರೂಟದಲ್ಲಿ ಕೊಪ್ಪರಿಗೆಗಟ್ಟಲೆ ಮುದ್ದೆ ತಿರುವುವವರು ಯಾರಮ್ಮ ಅಂತ ಕೇಳಿದೆ. ನಕ್ಕರು. ಕಾಳು ನಾನೇ ಬಿಡಿಸಿಕೊಡುತ್ತೇನೆ ಅಂದರು.

ಇದನ್ನು ಕೇಳಿದ ಕೆಲವರು ನನ್ನನ್ನು ಎರಡೂ ಕಡೆಯಿಂದ ಬೈದಿದ್ದಾರೆ. ಸುಮ್ನೆ ಅಡುಗೆಯವರನ್ನು ಇಟ್ಟುಕೊಳ್ಳಿ ಅನ್ನಬಾರದಿತ್ತಾ ಅಂತ ಒಬ್ಬರು. ಇಟ್ಟುಕೊಳ್ಳಲು ಆಗುವವರು ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಮನೆ ಅಡುಗೆಯನ್ನು ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ಉಪ್ಪು, ಎಣ್ಣೆ ಎಷ್ಟು ಬಿತ್ತು ಅಂತ ಗೊತ್ತಿರುವುದು ಅಲ್ಲೇ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬರುವುದನ್ನು ಕಾಯುವ ನಾಲಿಗೆ ಮಕ್ಕಳಿಗೂ ಬರಲಿ ಅನ್ನುವುದು ನನ್ನ ಆಸೆ.

ಅಡುಗೆಮನೆ ಜಗಳವನ್ನು ದೊಡ್ಡದು ಮಾಡಿದಿರಿ ಅಂದವರು ಇನ್ನೊಬ್ಬರು. ಅವರಿಗೆ 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ತೋರಿಸುತ್ತೇನೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ. ಅದೂ ಆ ಕೆಲಸಕ್ಕೆ ಕೈ ಹಾಕಿದವರನ್ನು ಮಾತ್ರ ಲೆಕ್ಕ ಹಿಡಿದು. ನಾಟಿ ಸೊಪ್ಪು, ಹೊಸ ರಾಗಿ, ಬೀಸಿದ ಹಿಟ್ಟು ಅಂತ ಮನೆಗೆ ಒಂದೊಂದು ಒಳ್ಳೆಯ ಪದಾರ್ಥ ಬಂದಾಗಲೂ ಆ 289ಕ್ಕೇ ಇನ್ನಷ್ಟು ಸೇರುತ್ತದೆ. ನಿದ್ದೆ ಕೆಟ್ಟ ಹೆಣ್ಣುಮಗಳಿಗೆ ಧ್ಯಾನ ಮಾಡಿ, ಉಸಿರಾಟ ಗಮನಿಸಿ ಅಂತ ಹೇಳಿ ಕಳಿಸಿದ್ದರೆ ಆಕೆಗೆ ಇನ್ನೂ ಒಂದು ಕೆಲಸ ಹಚ್ಚಿದಂತಾಗುತ್ತಿತ್ತು.

ಆ ಮನೆಯಲ್ಲಿ ಎಲ್ಲ ಸರಿಹೋಗಿಲ್ಲ. ಗಂಡ ತಿರುವಿದ ಮುದ್ದೆಯಲ್ಲಿ ಮೊದಮೊದಲು ಗಂಟು ಸಿಗುತ್ತಿತ್ತಂತೆ, ಈಗ ಕೈ ಕೂತಿದೆ. ಸೊಪ್ಪು ಬಿಡಿಸಲು ಕೂತ ಮೇಲೆ ತರುವ ಕಟ್ಟುಗಳೂ ಕಡಿಮೆಯಾಗಿವೆಯಂತೆ. ಹೆಂಡತಿಯ ನಿದ್ದೆ ಸುಧಾರಿಸಿದೆ. ರಾತ್ರಿ ಪಾತ್ರೆ ಯಾರು ತೊಳೆಯಬೇಕು ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.