ಕ್ರೂಸ್ ಹಡಗಿನ ಪ್ರಯಾಣಿಕರು ತಮ್ಮ ಕ್ಯಾಬಿನ್ ಬಾಗಿಲನ್ನು ಅಲಂಕರಿಸುವುದೇಕೆ?

ಮುಂದಿನ ತಿಂಗಳು ಮಕ್ಕಳೊಂದಿಗೆ ಫ್ಲಾರಿಡಾದಿಂದ ಮೊದಲ ಕ್ರೂಸ್‌ಗೆ ಹೊರಟಿದ್ದೀರಿ. ವಾರದ ಮಟ್ಟಿಗೆ ಉಳಿಯುವ ಕೋಣೆಯ ಬಾಗಿಲಿಗೆ ಜನ ಇಷ್ಟೊಂದು ಶೃಂಗಾರ ಮಾಡುವುದೇಕೆ, ನಾವೂ ಮಾಡಬೇಕೇ ಎಂದು ಕೇಳಿದ್ದೀರಿ. ನಾನು ಫ್ಲಾರಿಡಾದಲ್ಲೇ ನೆಲೆಸಿರುವವಳು. ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಇಲ್ಲಿನ ಪೋರ್ಟ್ ಕ್ಯಾನವರಲ್ ಬಂದರಿನಿಂದ ಹಲವು ಬಾರಿ ಹಡಗು ಹತ್ತಿದ್ದೇನೆ. ಖಂಡಿತ ಮಾಡಿ ಎಂದೇ ಹೇಳುತ್ತೇನೆ.

ಎಲ್ಲರೂ ಕೊಡುವ ಕಾರಣ, ಕೋಣೆ ಬೇಗ ಸಿಗಲಿ ಎಂಬುದು. ಅದು ಸುಳ್ಳಲ್ಲ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗಿನ ಉದ್ದ ಸುಮಾರು 365 ಮೀಟರ್, ಅದರಲ್ಲಿರುವ ಕ್ಯಾಬಿನ್‌ಗಳು 2,805. ಅದಕ್ಕಿಂತ ಎಷ್ಟೋ ಚಿಕ್ಕ ಹಡಗುಗಳಲ್ಲೂ ಕಾರಿಡಾರ್ ಇರುವ ರೀತಿ ಒಂದೇ: ಕಿಟಕಿಯಿಲ್ಲ, ತಿರುವಿಲ್ಲ, ಎರಡೂ ಬದಿಗೆ ಒಂದೇ ಬಣ್ಣದ, ಒಂದೇ ಅಳತೆಯ ಬಾಗಿಲುಗಳ ಸಾಲು. ಲಿಫ್ಟಿನಿಂದ ಹೊರಗೆ ಬಂದರೆ ಹಡಗಿನ ಮುಂಭಾಗ ಯಾವ ಕಡೆಗಿದೆ ಎಂಬುದೇ ಹೊಳೆಯುವುದಿಲ್ಲ. ಕೆಲವು ಹಡಗುಗಳಲ್ಲಿ ನೆಲಹಾಸಿನ ಮೇಲಿನ ಮೀನುಗಳನ್ನೆಲ್ಲ ಮುಂಭಾಗದತ್ತ ಈಜುವಂತೆ ನೇಯ್ದಿರುತ್ತಾರೆ, ಗೊತ್ತಿದ್ದವರಿಗೆ ಅದೇ ದಿಕ್ಸೂಚಿ. ಕೀ ಕಾರ್ಡ್ ಕಳೆದುಹೋದರೆ ಸಿಕ್ಕವರು ಒಳಗೆ ನುಗ್ಗಬಾರದೆಂದು ಅದರ ಮೇಲೆ ಸಾಮಾನ್ಯವಾಗಿ ಕ್ಯಾಬಿನ್ ಸಂಖ್ಯೆ ಇರುವುದಿಲ್ಲ. ಹೀಗಾಗಿ ಮಕ್ಕಳಿಗೂ ವಯಸ್ಸಾದವರಿಗೂ ಬಾಗಿಲ ಮೇಲಿನ ಚಿತ್ರ ನಿಜಕ್ಕೂ ಆಸರೆ.

ಆದರೆ ದೊಡ್ಡ ಹೋಟೆಲುಗಳ ಕಾರಿಡಾರ್‌ಗಳೂ ಹೀಗೆಯೇ ಇರುತ್ತವೆ, ಅಲ್ಲಿ ಯಾರೂ ಬಾಗಿಲು ಸಿಂಗರಿಸುವುದಿಲ್ಲ. ಹಡಗಿನಲ್ಲಿ ಮಾತ್ರ ಈ ರೂಢಿ ಬೇರೂರಲು ನೆರವಾದದ್ದು ಬಾಗಿಲಿನ ಉಕ್ಕು. ನಡುಗಡಲಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ. ಒಂದು ಕೋಣೆಯ ಬೆಂಕಿ ಇನ್ನೊಂದಕ್ಕೆ ದಾಟಬಾರದೆಂದು ಕ್ಯಾಬಿನ್ ಬಾಗಿಲುಗಳನ್ನೂ ಗೋಡೆಗಳನ್ನೂ ಸಾಮಾನ್ಯವಾಗಿ ಉಕ್ಕಿನ ಹಾಳೆಯಿಂದಲೇ ಮಾಡುತ್ತಾರೆ. ಉಕ್ಕಿಗೆ ಮ್ಯಾಗ್ನೆಟ್ ಹಿಡಿಯುತ್ತದೆ. ಮೊಳೆ ಬೇಡ, ಅಂಟು ಬೇಡ, ತೆಗೆದರೆ ಗುರುತೂ ಉಳಿಯುವುದಿಲ್ಲ.

ಅಲಂಕಾರಕ್ಕೆ ಮಿತಿ ಹಾಕುವುದೂ ಅದೇ ಬೆಂಕಿಯ ಭಯ. 2006ರ ಮಾರ್ಚ್‌ನಲ್ಲಿ ಜಮೈಕಾ ಬಳಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಹೊತ್ತಿದ ಬೆಂಕಿ ಸಾಲು ಸಾಲು ಕ್ಯಾಬಿನ್‌ಗಳನ್ನು ಸುಟ್ಟಿತು, ಒಬ್ಬ ಪ್ರಯಾಣಿಕರು ತೀರಿಕೊಂಡರು. ಸರಿಯಾಗಿ ಆರಿಸದೆ ಬಿಸಾಡಿದ ಸಿಗರೇಟೇ ಅದಕ್ಕೆ ಕಾರಣವಿರಬೇಕೆಂದು ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡೆಗಳು ಹೊತ್ತಿಕೊಂಡೇ ಬೆಂಕಿ ಅಷ್ಟು ದೂರ ಹಬ್ಬಿತು. ಆದ್ದರಿಂದ ಬಣ್ಣದ ಕಾಗದದ ಮಾಲೆ, ಮಿನುಗುವ ದೀಪದ ಸರ ಬೇಡವೆಂದು ಸಿಬ್ಬಂದಿ ಹೇಳಿದರೆ ದಯವಿಟ್ಟು ವಾದಕ್ಕೆ ಇಳಿಯಬೇಡಿ. ಅಪಾಯದ ಹೊತ್ತಿನಲ್ಲಿ ಎಲ್ಲರೂ ಓಡಬೇಕಾದ ದಾರಿ ಆ ಕಾರಿಡಾರ್.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಾರಣ. ಹಡಗಿನಲ್ಲಿ ಸಾವಿರಾರು ಜನ ಒಟ್ಟಿಗೆ ಉಣ್ಣುತ್ತಾರೆ, ಮಲಗುತ್ತಾರೆ, ಆದರೆ ಯಾರಿಗೆ ಯಾರೂ ಗೊತ್ತಿಲ್ಲ. ಮದುವೆಯ ವಾರ್ಷಿಕೋತ್ಸವ, ನಿವೃತ್ತಿ, ಕಾಯಿಲೆಯಿಂದ ಚೇತರಿಸಿಕೊಂಡ ಸಂತೋಷ, ಹೀಗೆ ಏನೋ ಒಂದು ಶುಭಸಂದರ್ಭವನ್ನು ಹೊತ್ತುಕೊಂಡೇ ಹಲವರು ಬಂದಿರುತ್ತಾರೆ. ಅದನ್ನು ಹೇಳಿಕೊಳ್ಳಲು ಅವರ ಪಾಲಿಗೆ ಬಂದಿರುವ ಜಾಗ ಆ ಒಂದು ಬಾಗಿಲು. ಓದಿದವರು ಎದುರಾದಾಗ ನಿಂತು ಶುಭಾಶಯ ಹೇಳುತ್ತಾರೆ, ಪರಿಚಯ ಅಲ್ಲಿಂದ ಶುರುವಾಗುತ್ತದೆ.

ಒಂದು ಯಾನದಲ್ಲಿ ನಮ್ಮ ಎದುರು ಕ್ಯಾಬಿನ್ನಿನ ಬಾಗಿಲಲ್ಲಿ ಹಳೆಯ ಕಪ್ಪು ಬಿಳುಪು ಮದುವೆಯ ಫೋಟೊ ಇತ್ತು, ಅದರ ಕೆಳಗೆ ಚಿನ್ನದ ಬಣ್ಣದ ಮ್ಯಾಗ್ನೆಟ್ಟಿನಲ್ಲಿ ಕತ್ತರಿಸಿದ 50. ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಬಾರದು. ಅವರು ಫೋಟೊದಲ್ಲಿನ ವಧುವಿನತ್ತ ಬೆರಳು ತೋರಿಸಿ, ಆಮೇಲೆ ಬಾಗಿಲು ತೆರೆದು ಹೊರಬಂದ ಅಜ್ಜಿಯತ್ತ ತೋರಿಸಿ, ನೀವೇನಾ ಎಂಬಂತೆ ಹುಬ್ಬೇರಿಸಿದರು. ಆ ಅಜ್ಜಿ ನಕ್ಕು ತಮ್ಮ ಉಂಗುರ ತೋರಿಸಿದರು, ಅತ್ತೆ ಸೆರಗಿನೊಳಗಿಂದ ಕರಿಮಣಿ ಹೊರತೆಗೆದರು. ಮರುದಿನದಿಂದ ತಿಂಡಿಯ ಹೊತ್ತಿಗೆ ಇಬ್ಬರೂ ಪರಸ್ಪರ ಹುಡುಕಿಕೊಂಡು ಅಕ್ಕಪಕ್ಕ ಕೂರುತ್ತಿದ್ದರು. ನಮ್ಮ ಬಾಗಿಲಿಗೆ ಮಾವಿನೆಲೆ ತೋರಣದ ಚಿತ್ರವನ್ನೂ ಕನ್ನಡದಲ್ಲಿ ‘ಸುಸ್ವಾಗತ’ ಎಂದೂ ಮ್ಯಾಗ್ನೆಟ್ ಹಾಳೆಯ ಮೇಲೆ ಮುದ್ರಿಸಿ ಹಚ್ಚಿದ್ದೆವು. ಅದನ್ನು ಗಟ್ಟಿಯಾಗಿ ಓದಿ ನಿಂತವರು ಊಟದ ವಿಭಾಗದಲ್ಲಿ ದುಡಿಯುತ್ತಿದ್ದ ಉಡುಪಿ ಕಡೆಯ ಯುವಕ. ಕರಾವಳಿಯ ಎಷ್ಟೋ ಹುಡುಗರು ಈ ಹಡಗುಗಳಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಾರೆ. ಅವರಿಗೂ ಬಾಗಿಲು ಮಾತಾಡುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ಡಿಸ್ನಿ ಹಡಗುಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಬಾಗಿಲ ಪಕ್ಕದಲ್ಲಿ ಮೀನಿನಂತಹ ಕಡಲಜೀವಿಯ ಆಕಾರದ ಲೋಹದ ಕೊಂಡಿ ಇರುತ್ತದೆ, ಸಿಬ್ಬಂದಿ ಚೀಟಿಗಳನ್ನು ಸಿಕ್ಕಿಸಲೆಂದು ಇಟ್ಟದ್ದು. ಪ್ರಯಾಣಿಕರು ಅದಕ್ಕೆ ಬಟ್ಟೆಯ ಜೇಬುಗಳ ಪಟ್ಟಿ ತೂಗುಹಾಕುತ್ತಾರೆ. ಫಿಶ್ ಎಕ್ಸ್‌ಟೆಂಡರ್ ಎಂದು ಅದರ ಹೆಸರು. ಹೊರಡುವ ಮುನ್ನವೇ ಗುಂಪು ಮಾಡಿಕೊಂಡ ಕುಟುಂಬಗಳು ಒಬ್ಬರ ಜೇಬಿನಲ್ಲಿ ಇನ್ನೊಬ್ಬರು ಸಣ್ಣ ಉಡುಗೊರೆ ಹಾಕಿ ಹೋಗುತ್ತಾರೆ. ನಿಮ್ಮದು ಡಿಸ್ನಿ ಹಡಗಾದರೆ ಮಕ್ಕಳನ್ನು ಇದರಲ್ಲಿ ಸೇರಿಸಿ, ಕೊಡುವ ಸಂಭ್ರಮವನ್ನು ಅವರೂ ಅನುಭವಿಸಲಿ.

ಕೆಲವು ಎಚ್ಚರಿಕೆಗಳು. ಮ್ಯಾಗ್ನೆಟ್ ಬಿಟ್ಟು ಟೇಪು, ಅಂಟು ಬಳಸಬೇಡಿ. ಬಾಗಿಲ ಮೇಲ್ಮೈ ಕಿತ್ತುಬಂದರೆ ದುರಸ್ತಿಯ ಹಣ ನಿಮ್ಮ ಲೆಕ್ಕಕ್ಕೆ ಬರಬಹುದು. ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆಗಳನ್ನೂ ಹಲವು ಕಂಪನಿಗಳು ಬೇಡವೆನ್ನುತ್ತವೆ. ನಿಯಮಗಳು ಕಂಪನಿಯಿಂದ ಕಂಪನಿಗೆ ಬೇರೆ, ಹೊರಡುವ ಮೊದಲು ಓದಿಕೊಳ್ಳಿ. ಮಕ್ಕಳ ಪೂರ್ಣ ಹೆಸರು ಬರೆಯಬೇಡಿ. ತಲೆಕೆಳಗಾದ ಅನಾನಸ್ ಚಿತ್ರವನ್ನಂತೂ ಹಚ್ಚಲೇಬೇಡಿ. ಸಂಗಾತಿಗಳ ಅದಲುಬದಲಿಗೆ ಒಪ್ಪುವ ದಂಪತಿಯ ಗುರುತು ಅದೆಂದು ಅಮೆರಿಕದ ಕ್ರೂಸ್ ವಲಯದಲ್ಲಿ ಪ್ರಚಲಿತವಾಗಿದೆ.

ಮಕ್ಕಳೇ ಬಿಡಿಸಿದ ಚಿತ್ರಗಳು, ನಾಲ್ಕು ಗಟ್ಟಿ ಮ್ಯಾಗ್ನೆಟ್, ಒರೆಸಿ ಬರೆಯುವ ಪುಟ್ಟ ಬಿಳಿ ಹಲಗೆ, ಇಷ್ಟಿದ್ದರೆ ಸಾಕು. ಇಂಟರ್ನೆಟ್‌ಗೆ ದುಡ್ಡು ಕಟ್ಟದಿದ್ದರೆ ನಡುಗಡಲಲ್ಲಿ ಫೋನು ಕೈಕೊಡಬಹುದು. ‘ಈಜುಕೊಳದ ಹತ್ತಿರ ಇದ್ದೇವೆ’ ಎಂದು ಮನೆಯವರಿಗೆ ತಿಳಿಸಲು ಆ ಹಲಗೆ ಬೇಕಾಗುತ್ತದೆ. ಕೊನೆಯ ರಾತ್ರಿ ಸಿಬ್ಬಂದಿ ಒಯ್ಯಲೆಂದು ಸಾಮಾನನ್ನು ಬಾಗಿಲ ಹೊರಗಿಡುವ ಮೊದಲು ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ಸೇರಿಸಿ. ಬೆಳಿಗ್ಗೆ ಇಳಿಯುವ ಗಡಿಬಿಡಿಯಲ್ಲಿ ಮರೆತುಬಿಡುವುದು ಬಲು ಸುಲಭ.